ಎಲ್ಸಾಳ ‘ತಾಲ್’

ನನ್ನನ್ನೂ ಅಮ್ಮನನ್ನೂ ಹೊತ್ತು ಮಂಗಳೂರಿನಿಂದ ಹೊರಟ ವಿಮಾನ ಮಧ್ಯಾಹ್ನ ಬಹರೈನ್‌ನಲ್ಲಿ ಇಳಿಯಿತು. ಜನವರಿಯ ಗಾಳಿ ತಂಪಾಗಿತ್ತು. ಅಲ್ಲಿನ ಸಲ್ಮಾನಿಯಾ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ತಂಗಿ ಲವೀನಾ ಕಾರು ತಂದಿದ್ದಳು, ಜೊತೆಗೆ ಐದು ವರ್ಷದ ಮಗಳು ರಿಯಾ. ಅಮ್ಮ ಮೊಮ್ಮಗಳ ಕೆನ್ನೆ ಹಿಡಿದು ಕೊಂಕಣಿಯಲ್ಲಿ ಏನೇನೋ ಕೇಳಿದಳು. ರಿಯಾ ತಾಯಿಯ ಕಡೆ ತಿರುಗಿ ಇಂಗ್ಲಿಷಿನಲ್ಲಿ, “ಇವರು ಏನು ಹೇಳ್ತಿದ್ದಾರೆ?” ಎಂದಳು. ರಿಫಾದಲ್ಲಿರುವ ಲವೀನಾಳ ಮನೆ ಬರುವವರೆಗೂ ಅಮ್ಮ ಕಿಟಕಿಯ ಹೊರಗೇ ನೋಡಿದಳು.

“ಫೋನಲ್ಲಿ ನಗ್ತಿದ್ಳಲ್ಲ, ಅರ್ಥ ಆಗ್ತದೆ ಅಂತ ಎಣಿಸಿದ್ದೆ,” ಎಂದಳು ಮರುದಿನ.

ಶುಕ್ರವಾರ ಬಸ್ಸು ಹಿಡಿದು ಮನಾಮಾದ ಹಳೆಯ ಪೇಟೆ, ಸೂಕ್‌ಗೆ ಹೋದೆವು. ಲವೀನಾಳ ಸಹೋದ್ಯೋಗಿ, ದಕ್ಷಿಣ ಆಫ್ರಿಕಾದ ಎಲ್ಸಾ, ಅಲ್ಲಿ ಸಿಕ್ಕಳು. ಏಲಕ್ಕಿ ಹಾಕಿದ ಕರಕ್ ಚಹಾ ಕುಡಿಯುತ್ತಾ ಅಮ್ಮ ಅವಳ ಭಾಷೆ ಯಾವುದೆಂದು ಲವೀನಾಳಿಂದ ಕೇಳಿಸಿದಳು.

“ಆಫ್ರಿಕಾನ್ಸ್. ಅದರಲ್ಲಿ ಭಾಷೆಗೆ ‘ತಾಲ್’ ಅನ್ನುತ್ತೇವೆ.”

“ತಾಳವಾ? ಹಾಡಿಗೆ ಹಾಕುವುದಾ?”

ಲವೀನಾ ಅನುವಾದಿಸಿದಾಗ ಎಲ್ಸಾ ಜೋರಾಗಿ ನಕ್ಕಳು. ಡಚ್ಚರು ತಮ್ಮೊಂದಿಗೆ ಆಫ್ರಿಕಾದ ತುದಿಯ ಕೇಪ್‌ಗೆ ತಂದ ಪದವಂತೆ ಅದು. ಬಹಳ ಹಿಂದೆ ಅದರ ಅರ್ಥ ಹೇಳುವುದು, ಕಥನ. ಇಂಗ್ಲಿಷಿನ ‘ಟೇಲ್’ ಅದರ ದಾಯಾದಿ. ತಾಯಿನುಡಿಗೆ ‘ಮೂಡರ್‌ತಾಲ್’. ಅಷ್ಟು ಹೇಳುವಾಗ ಅವಳ ಸ್ವರ ಇಳಿಯಿತು. “ನನ್ನ ಅಮ್ಮನ ಜೊತೆ ಫೋನಿನಲ್ಲಿ ಅದರಲ್ಲೇ ಮಾತಾಡುತ್ತಿದ್ದೆ. ಹೋದ ವರ್ಷ ತೀರಿಕೊಂಡಳು. ಈಗ ಈರುಳ್ಳಿ ಹೆಚ್ಚುವಾಗ ಕೈ ಕುಯ್ದುಕೊಂಡರೆ ಬೈಯುವುದಷ್ಟೇ ನನ್ನ ಭಾಷೆಯಲ್ಲಿ.”

ಅಮ್ಮ ಅವಳ ಕೈ ಹಿಡಿದು ಲವೀನಾಳ ಕಡೆ ತಿರುಗಿದಳು. “ನನ್ನ ಹತ್ರ ಅವಳ ಭಾಷೆಯಲ್ಲೇ ಮಾತಾಡ್ಲಿ ಅಂತ ಹೇಳು ಮಾರಾಯ್ತಿ. ಅರ್ಥ ಆಗದಿದ್ರೆ ಎಂತ? ನಾನು ಕೇಳ್ತೇನೆ.”

ಎಲ್ಸಾ ಮೊದಲು ಸಂಕೋಚಪಟ್ಟಳು. ಆಮೇಲೆ ಮಾತು ಹರಿಯಿತು. ನಡುವೆ ನಕ್ಕಳು, ಕಣ್ಣೊರೆಸಿಕೊಂಡಳು. ಅಮ್ಮ ಪ್ರತಿ ಮಾತಿಗೂ “ಹೂಂ” ಎನ್ನುತ್ತಿದ್ದಳು. ನಮ್ಮ ಚಹಾ ಆರಿತು.

ರಿಯಾ ಕಣ್ಣರಳಿಸಿ ಇಬ್ಬರನ್ನೂ ನೋಡುತ್ತಿದ್ದಳು. ಮನೆಗೆ ಬಂದವಳೇ ಅಮ್ಮನ ಮಡಿಲೇರಿ ಕುಳಿತಳು. ಅಮ್ಮ ಬಾಯಿ ತೆರೆದದ್ದೇ ತಡ, ರಿಯಾ “ಹೂಂ” ಎಂದಳು. ಅಮ್ಮ ನಮ್ಮೂರ ಸೋಮೇಶ್ವರದ ಕಡಲಿನ, ಏಡಿಯ ಕಥೆಯನ್ನು ಕೊಂಕಣಿಯಲ್ಲಿ ಹೇಳಿದಳು, ಬೆರಳಿನಿಂದ ಚಿವುಟಿ ತೋರಿಸಿದಳು. ಅಂದಿನಿಂದ ದಿನಾ ಸಂಜೆ ಅದೇ ಕೆಲಸ.

ಹೊರಡುವ ದಿನ ವಿಮಾನ ನಿಲ್ದಾಣದಲ್ಲಿ ನಾವು ಸಾಲಿನಲ್ಲಿ ನಿಂತಾಗ ರಿಯಾ ಓಡಿ ಬಂದು ಅಮ್ಮನ ಸೆರಗು ಹಿಡಿದಳು. “ಆನ್ಯೇಕ್ ಸಾಂಗ್,” ಎಂದಳು. ಇನ್ನೊಂದು ಹೇಳು.

ಅಮ್ಮ ಬ್ಯಾಗನ್ನು ನನ್ನ ಕೈಗಿತ್ತು, ಸಾಲು ಬಿಟ್ಟು, ಅವಳನ್ನು ಎತ್ತಿಕೊಂಡು ಪಕ್ಕದ ಬೆಂಚಿನಲ್ಲಿ ಹೋಗಿ ಕುಳಿತಳು. ಹಿಂದಿನವರಿಗೆ ನಾನು ದಾರಿ ಬಿಟ್ಟೆ.