ಬೆಲ್ಟ್ ಹಾಕಿಕೊಂಡ ಟಗರು

ನನ್ನ ಫೋರ್‌ವೀಲ್ ಜೀಪಿಗೆ ಕೆಸರು, ಹಳ್ಳ ಯಾವುದೂ ಲೆಕ್ಕಕ್ಕಿಲ್ಲ. ಸೀಟ್ ಬೆಲ್ಟ್ ಹಾಕದಿದ್ದರೆ ಮಾತ್ರ ಒಂದೇ ಸಮ ಬಡಕೊಳ್ಳುತ್ತದೆ. ಅದರ ಬಾಯಿ ಮುಚ್ಚಿಸಲೆಂದೇ ಅಂಗಡಿಯಲ್ಲಿ ಸಿಗುವ ಸುಳ್ಳು ಕ್ಲಿಪ್ಪೊಂದನ್ನು ತಂದು, ಬೆಲ್ಟಿನ ಬದಲು ನನ್ನ ಸೀಟಿನ ಬಕಲ್‌ಗೆ ಸಿಕ್ಕಿಸಿಬಿಟ್ಟಿದ್ದೆ.

ಅವತ್ತು ಬಂಡೂರಿನಲ್ಲಿ ಜಮೀನು ಸರ್ವೆ ಮುಗಿಸಿ ನಾಲೆಯ ಏರಿಯ ಮೇಲೆ ಬರುತ್ತಿದ್ದೆ. ಮಳೆ ಬಿದ್ದು, ಆಟೋದವರು ಒಲ್ಲೆ ಅನ್ನುವ ದಾರಿ. ಒಬ್ಬ ಅಜ್ಜಿ ಕೈ ಅಡ್ಡ ಹಿಡಿದರು. ಪಕ್ಕದಲ್ಲಿ ಹೊಟ್ಟೆ ಉಬ್ಬರಿಸಿಕೊಂಡ ಟಗರು.

"ರಾಗಿ ಮೂಟೆಗೆ ಬಾಯಾಕ್ಬುಟ್ಟದೆ ಕಣಪ್ಪ. ಮಳವಳ್ಳಿ ದನದ್ ಆಸ್ಪತ್ರೆಗಂಟ ಬುಟ್ಬುಡು."

ಹಿಂದೆ ನನ್ನ ಸಾಮಾನಿನ ನಡುವೆ ಅಜ್ಜಿಗಷ್ಟೇ ಜಾಗ. ಟಗರನ್ನು ಎತ್ತಿ ಮುಂದೆ ಕೂರಿಸಿದೆವು. ಅದರ ತೂಕ ನೋಡಿ ಜೀಪು ಯಾರೋ ಮನುಷ್ಯರೇ ಎಂದುಕೊಂಡು ಬಡಕೊಳ್ಳತೊಡಗಿತು. ಸದ್ದಿಗೆ ಬೆದರಿದ ಟಗರು ನನ್ನ ತೊಡೆಗೆ ಗುದ್ದಿತು. ಇನ್ನೊಂದು ಕ್ಲಿಪ್ಪಿರಲಿಲ್ಲ. ಬೇರೆ ದಾರಿ ಕಾಣದೆ ನಿಜವಾದ ಬೆಲ್ಟನ್ನೇ ಟಗರಿಗೆ ಹಾಕಿದೆ. ಜೀಪೂ ಸುಮ್ಮನಾಯಿತು, ಟಗರೂ.

"ನಮ್ ಟಗರ್ಗೂ ಮರ್ವಾದೆ ಕೊಡ್ತದಲ್ಲಪ್ಪ ನಿನ್ ಗಾಡಿ!" ಎಂದರು ಅಜ್ಜಿ.

ಮಳವಳ್ಳಿ ಹತ್ತಿರ ಪೊಲೀಸರೊಬ್ಬರು ಕೈ ತೋರಿಸಿದರು. ಕಿಟಕಿಯಲ್ಲಿ ಬಗ್ಗಿ, ಬೆಲ್ಟ್ ಹಾಕಿಕೊಂಡು ನೆಟ್ಟಗೆ ಕೂತ ಟಗರನ್ನು ನೋಡಿದರು. ನನ್ನ ಪಕ್ಕ ಸುಮ್ಮನೆ ನೇತಾಡುತ್ತಿದ್ದ ಬೆಲ್ಟನ್ನೂ ನೋಡಿದರು.

"ಸಾರ್, ಅರ್ಜೆಂಟು, ಆಸ್ಪತ್ರೆಗೆ..." ಎಂದೆ.

ಅವರು ನನ್ನನ್ನು ಬಿಟ್ಟು ಅಜ್ಜಿಗೆ ಹೇಳಿದರು: "ಟಗರು ಬುದ್ಧಿವಂತ ಕಣಮ್ಮ. ಆಸ್ಪತ್ರೇಲಿ ಮೊದ್ಲು ಈ ಡ್ರೈವರ್‌ನ ತೋರ್ಸು."

ಡಾಕ್ಟರು ಟಗರಿನ ಬಾಯಿ ಅಗಲಿಸಿ ಎಣ್ಣೆ ಹುಯ್ದರು. ನನ್ನ ಸರದಿ ಬರುವ ಮೊದಲೇ ನಾನು ಬೆಲ್ಟ್ ಹಾಕಿಕೊಂಡು ಹೊರಟುಬಿಟ್ಟೆ.