ಹನ್ನೆರಡು ಚುಕ್ಕಿ

ನನಗೆ ಮೂಗಿನ ತುದಿಯಲ್ಲೇ ಕೋಪ. ಅಮ್ಮ ಇದನ್ನು ದಿನಕ್ಕೆ ಎರಡು ಸಲವಾದರೂ ಹೇಳುತ್ತಿದ್ದಳು. ನಾನು ಅದಕ್ಕೂ ಕೋಪ ಮಾಡಿಕೊಳ್ಳುತ್ತಿದ್ದೆ.

ಅಪ್ಪ ಸುಲ್ತಾನ್‌ಪೇಟೆಯ ಪ್ರೆಸ್ಸೊಂದರಲ್ಲಿ ಸೀಸದ ಅಚ್ಚುಮೊಳೆ ಜೋಡಿಸಿ ಲಗ್ನಪತ್ರಿಕೆ ಮಾಡುತ್ತಿದ್ದವರು. ಮೊಳೆಗಳ ಕಾಲ ಮುಗಿದಮೇಲೆ ಚಾಮರಾಜಪೇಟೆಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಅದೇ ಕೆಲಸ ಮುಂದುವರಿಸಿದರು. ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿತ್ತು. ನನಗೆ ಗಂಡು ನೋಡಲು ಶುರು ಮಾಡಿದ್ದರು, ಅಪ್ಪನಿಗೆ ಅದರ ಜೊತೆಗೊಂದು ಹುಚ್ಚು ಹಿಡಿದಿತ್ತು.

"ಊರೋರ ಮದ್ವೆಗೆಲ್ಲ ಯಾರೋ ಎರಕ ಹೊಯ್ದ ಅಕ್ಷರ ಜೋಡಿಸ್ದೆ. ನಿನ್ ಪತ್ರಿಕೇಲಿ ನನ್ ಅಕ್ಷರಾನೇ ಇರ್ಬೇಕು ಪುಟ್ಟಿ" ಎಂದರು.

ಮೌಸ್ ಹಿಡಿದು ಪರದೆಯ ಮೇಲೆ ಒಂದೊಂದೇ ಅಕ್ಷರ ಬಿಡಿಸತೊಡಗಿದರು. ಮೊದಲ ಅಕ್ಷರ ಬಿಡಿಸಿದ ದಿನವೇ ಕಂಪ್ಯೂಟರ್ ರಿಪೇರಿಯವರು ಬಂದು, ಬೂದು ಬಣ್ಣದ ಒಂದು ಡಬ್ಬಿಯನ್ನು ನೆಟ್‌ವರ್ಕಿಗೆ ಸೇರಿಸಿಕೊಟ್ಟರು. ಕಂಪ್ಯೂಟರಿನಲ್ಲಿ ಇರುವುದೆಲ್ಲದರ ಒಂದು ಪ್ರತಿ ಸಂಜೆ ಸಂಜೆ ಅದರೊಳಗೆ ಹೋಗಿ ಕೂರುತ್ತದೆ, ಕಂಪ್ಯೂಟರ್ ಹೋದರೂ ಕೆಲಸ ಉಳಿಯುತ್ತದೆ ಎಂದರು. ಪಾಸ್‌ವರ್ಡ್ ಕೇಳಿದಾಗ ಅಪ್ಪ ಮೊದಲು ಒಂದು ಚೀಟಿಯಲ್ಲಿ ಬರೆದುಕೊಂಡು, ಅದನ್ನು ನೋಡಿಕೊಂಡು ಟೈಪ್ ಮಾಡಿದರು. ತಮಗಿಷ್ಟವಾದ ಕಲ್ಯಾಣಿ ರಾಗದ ಹೆಸರನ್ನೇ ಇಂಗ್ಲಿಷಿನಲ್ಲಿ ಬರೆದಿದ್ದರು, ಏಳು ಅಕ್ಷರ. ಚೀಟಿ ಮಾನಿಟರಿನ ಪಕ್ಕದ ಗೋಡೆ ಸೇರಿತು.

ಮಾರನೆಯ ದಿನವೇ ವೈರಸ್ ಬಂತು. ನಾನು ಆರು ತಿಂಗಳ ಕೋರ್ಸ್ ಮಾಡಿದ ಪಂಡಿತೆಯಲ್ಲವೇ, ವಿಂಡೋಸನ್ನು ಹೊಸದಾಗಿ ಹಾಕಿದೆ. ಕಂಪ್ಯೂಟರ್ ನೆನಪಿಟ್ಟುಕೊಂಡಿದ್ದ ಪಾಸ್‌ವರ್ಡ್ ಅದರೊಂದಿಗೆ ಅಳಿಸಿಹೋಯಿತು. ಚೀಟಿ ನೋಡಿ ಮತ್ತೆ ಹಾಕಿದೆ. ಬಳಕೆದಾರರ ಹೆಸರೋ ಪಾಸ್‌ವರ್ಡೋ ತಪ್ಪು ಎಂದಿತು. ಆಮೇಲೆ ನೋಡಿದರಾಯಿತು ಎಂದುಕೊಂಡೆ. ಅಂದಿನಿಂದ ಪ್ರತಿ ಸಂಜೆ ಅದೇ ಸಂದೇಶ ಬರುತ್ತಿತ್ತು, ನಾನು ಸೊಳ್ಳೆ ಓಡಿಸುವ ಹಾಗೆ ಅದನ್ನು ಮುಚ್ಚುತ್ತಿದ್ದೆ. ಒಂಬತ್ತು ತಿಂಗಳು ಮುಚ್ಚಿದೆ. ಡಬ್ಬಿಯ ಹಸಿರು ದೀಪ ಮಿನುಗುತ್ತಲೇ ಇತ್ತು, ಅಪ್ಪ ಅದನ್ನು ನಂಬಿಕೊಂಡು ಕಾಗುಣಿತ ಮುಗಿಸಿ ಒತ್ತಕ್ಷರಗಳಿಗೆ ಬಂದಿದ್ದರು.

ನನ್ನ ಮದುವೆ ಗೊತ್ತಾದ ವಾರ, ಒಂದು ಬೆಳಿಗ್ಗೆ ಕಂಪ್ಯೂಟರಿನೊಳಗಿಂದ ಟಕ್ ಟಕ್ ಎಂಬ ಸದ್ದು ಕೇಳಿಸಿತು. ಹಾರ್ಡ್ ಡಿಸ್ಕ್ ಸಾಯುವ ಸದ್ದು ಅದು. ಸಿಡಿ ಬರೆಯುವ ಡ್ರೈವ್ ಕೆಟ್ಟು ಎಷ್ಟೋ ಕಾಲವಾಗಿತ್ತು, ಮನೆಯಲ್ಲಿ ಪೆನ್ ಡ್ರೈವ್ ಇರಲಿಲ್ಲ. ಉಳಿದದ್ದು ಆ ಡಬ್ಬಿಯೊಂದೇ.

ಚೀಟಿ ನೋಡಿ ಏಳು ಅಕ್ಷರ ಹೊಡೆದೆ. ತಪ್ಪು. ದೊಡ್ಡಕ್ಷರದಲ್ಲಿ ಹೊಡೆದೆ. ತಪ್ಪು. ಡಬ್ಬಿಯ ತಂತಿ ಕಿತ್ತು ಸಿಕ್ಕಿಸಿದೆ, ಆರಿಸಿ ಹಚ್ಚಿದೆ. ತಪ್ಪು, ತಪ್ಪು.

ಅಪ್ಪ ಹಿಂದೆ ನಿಂತಿದ್ದರು. "ಚೀಟೀಲಿ ಇದ್ದ ಹಾಗೇ ಹೊಡಿ."

"ಹಾಗೇ ಹೊಡೀತಿದೀನಪ್ಪಾ! ನೀವೇ ತಪ್ ಬರ್ದಿದೀರಿ."

"ನಾನ್ ಹೊಡೀಲಾ?"

"ನಿಮಗ್ ಇದೆಲ್ಲ ಗೊತ್ತಾಗಲ್ಲ, ಸುಮ್ನಿರಿ ಸ್ವಲ್ಪ!"

ಅಪ್ಪ ಒಂದು ಹೆಜ್ಜೆ ಹಿಂದೆ ಸರಿದರು. ಸ್ವಲ್ಪ ಹೊತ್ತಿಗೆ ಪರದೆ ನೀಲಿಯಾಯಿತು, ಆಮೇಲೆ ಕಪ್ಪಾಯಿತು. ಟಕ್ ಟಕ್ ಕೂಡ ನಿಂತಿತು.

ಮಾರನೆಯ ದಿನ ರಿಪೇರಿಯವರು ಡಿಸ್ಕ್ ಬಿಚ್ಚಿ ನೋಡಿ, "ಒಳಗೆ ಪ್ಲೇಟೇ ಗೀಚೋಗಿದೆ ಮೇಡಂ, ಏನೂ ಸಿಗಲ್ಲ" ಎಂದರು. ಡಬ್ಬಿಯಲ್ಲಿ ಏನಿದೆಯೋ ನೋಡೋಣವೆಂದು ತಮ್ಮ ಕಂಪ್ಯೂಟರನ್ನು ಅದಕ್ಕೆ ಜೋಡಿಸಿದರು. ಅವರು ಹೊಡೆದರೂ ತಪ್ಪು ಎಂದೇ ಬಂತು. ಆಗ ಅಪ್ಪ ಯಾರನ್ನೂ ಕೇಳದೆ ಕುರ್ಚಿ ಎಳೆದುಕೊಂಡು ಕೂತು, ಕನ್ನಡಕ ಏರಿಸಿ, ಚೀಟಿ ನೋಡುತ್ತ ಒಂದೇ ಬೆರಳಲ್ಲಿ ಹೊಡೆದರು. ಪರದೆಯ ಮೇಲೆ ಒಂದೊಂದೇ ಚುಕ್ಕಿ ಮೂಡಿತು. ಏಳಕ್ಕೆ ನಿಲ್ಲಲಿಲ್ಲ. ಎಣಿಸಿದೆ, ಹನ್ನೆರಡು.

ಡಬ್ಬಿ ತೆರೆದುಕೊಂಡಿತು.

"ಅಪ್ಪಾ, ಏನ್ ಹೊಡೆದ್ರಿ? ಇಲ್ಲಿರೋದು ಏಳೇ ಅಕ್ಷರ!"

ಅಪ್ಪ ಚೀಟಿಯ ತಲೆಯ ಮೇಲೆ ಬೆರಳಿಟ್ಟರು. ಅಲ್ಲಿ, ನಟ್ಟನಡುವೆ, ದಿನಸಿ ಪಟ್ಟಿಯಿಂದ ಹಿಡಿದು ಅವರು ಬರೆಯುವ ಎಲ್ಲ ಕಾಗದದ ಮೇಲೂ ಇರುವ ಹಾಗೆ, ಕನ್ನಡದಲ್ಲಿ ಒಂದು ಶ್ರೀ.

"ಇದನ್ ಬಿಟ್ಟಿದ್ಯಾ? ಕಾಪೀಲಿ ಇರೋದನ್ನ ಬಿಡಬಾರ್ದು ಕಣೆ."

ಆ ಶ್ರೀಯನ್ನು ಒಂಬತ್ತು ತಿಂಗಳು ದಿನವೂ ನೋಡಿದ್ದೆ, ಒಂದು ದಿನವೂ ಓದಿರಲಿಲ್ಲ. ಅಪ್ಪ ಮಾತ್ರ, ಕಾಪಿ ಅಂದರೆ ಅಚ್ಚಿಗೆ ಬಂದ ಬರಹದಲ್ಲಿ ಇರುವುದನ್ನೆಲ್ಲ ಜೋಡಿಸಬೇಕೆಂಬ ಮೊಳೆ ಜೋಡಿಸುವವರ ನಿಯಮದಂತೆ, ಅದನ್ನೂ ಇಂಗ್ಲಿಷಿನಲ್ಲಿ ಐದು ಅಕ್ಷರವಾಗಿ ಹೊಡೆದಿದ್ದರು. ಹಿಂದಿನ ದಿನ ಕುರ್ಚಿ ಬಿಟ್ಟುಕೊಟ್ಟಿದ್ದರೆ ಎಲ್ಲವೂ ಉಳಿಯುತ್ತಿತ್ತು. ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

ಅಪ್ಪನ ಅಕ್ಷರಗಳ ಫೋಲ್ಡರಿನಲ್ಲಿ ಒಂದೇ ಒಂದು ಫೈಲ್ ಇತ್ತು. ಡಬ್ಬಿ ಬಂದ ದಿನ ಬಿಡಿಸಿದ್ದು. ಅಪ್ಪ ಯಾವ ಅಕ್ಷರದಿಂದ ಶುರುಮಾಡಿದ್ದರೆಂದು ತೆರೆದು ನೋಡುವ ಮೊದಲೇ ನನಗೆ ಗೊತ್ತಾಯಿತು.

ನನ್ನ ಲಗ್ನಪತ್ರಿಕೆ ಎಲ್ಲರ ಪತ್ರಿಕೆಯ ಅಕ್ಷರದಲ್ಲೇ ಅಚ್ಚಾಯಿತು. ನೆತ್ತಿಯ ಮೇಲಿನ ಶ್ರೀ ಮಾತ್ರ ಅಪ್ಪನದು. ಬಂದವರು ಯಾರೂ ಅದನ್ನು ಗಮನಿಸಲಿಲ್ಲ, ಅದನ್ನು ಯಾರು ಓದುತ್ತಾರೆ?