ಸೀದ ಬ್ರೆಡ್ಡು

ರಿಟೈರಾಗಿ ಎಷ್ಟೋ ಕಾಲವಾದರೂ ವಿಜ್ಞಾನದ ಮೇಷ್ಟ್ರ ಪಾಠ ಮುಗಿದಿಲ್ಲ. ಬೋರ್ಡಿನ ಜಾಗಕ್ಕೆ ಒಲೆ ಬಂದಿದೆ, ಅಷ್ಟೇ. ಬೆಣ್ಣೆ ಕರಗಿದರೆ "ಭೌತಿಕ ಬದಲಾವಣೆ, ತಣ್ಣಗಾದ್ರೆ ಮತ್ತೆ ಗಟ್ಟಿಯಾಗುತ್ತೆ" ಅನ್ನುತ್ತಾರೆ, ಮೊಟ್ಟೆ ಬೆಂದರೆ "ರಾಸಾಯನಿಕ! ಇನ್ನು ಯಾರಪ್ಪ ಬಂದ್ರೂ ಹಸಿಯಾಗಲ್ಲ" ಎಂದು ಸೌಟು ಎತ್ತಿ ಸಾರುತ್ತಾರೆ. ಸಕ್ಕರೆ ಕರಗುವ ಪಾಠಕ್ಕೆ ಹೆದರಿಯೇ ನೆಂಟರು ಸಪ್ಪೆ ಕಾಫಿ ಕುಡಿದು ಹೋಗುವುದು ಎಂದು ಮಗಳು ನಗುತ್ತಾಳೆ. ಅವಳೂ ಅವರ ಕ್ಲಾಸಿನಲ್ಲೇ ಓದಿದವಳು. ಸುಡುವುದನ್ನು ಭೌತಿಕ ಬದಲಾವಣೆ ಎಂದು ಬರೆದಾಗ, ಸ್ವಂತ ಮಗಳೆಂದೂ ನೋಡದೆ ಸೊನ್ನೆ ಕೊಟ್ಟು ಬೆಂಚಿನ ಮೇಲೆ ನಿಲ್ಲಿಸಿದ್ದರು. "ನಿಮ್ಮ ಬದಲಾವಣೆ ಹಾಗಿರ್ಲಿ, ಮೊದ್ಲು ಪಕ್ಕಕ್ಕೆ ಸರೀರಿ" ಎಂದು ಅವರನ್ನು ಗದರುತ್ತಿದ್ದವಳು ಅಮ್ಮ ಒಬ್ಬಳೇ. ಈಗೀಗ ಅಮ್ಮನಿಗೆ ಮರೆವು ಜಾಸ್ತಿಯಾಗಿ, ಮಗಳನ್ನೇ "ನೀನು ಯಾರಮ್ಮ?" ಎಂದು ಕೇಳುತ್ತಾಳೆ. ಇವತ್ತು ಬೆಳಿಗ್ಗೆ ಕಾವಲಿಯ ಮೇಲೆ ಬ್ರೆಡ್ಡು ಇಟ್ಟು ಮರೆತಳು, ಇದ್ದಿಲಾದ ಚೂರನ್ನು ಕೈಯಲ್ಲಿ ಹಿಡಿದು "ಹಾಳು ಮಾಡ್ಬಿಟ್ನಾ?" ಎಂದು ಮಗುವಿನ ಹಾಗೆ ಕೇಳಿದಳು. ಮೇಷ್ಟ್ರು ಅದನ್ನು ಇಸಿದುಕೊಂಡು ಚಾಕುವಿನಿಂದ ಮೆಲ್ಲಗೆ ಕಪ್ಪು ಕೆರೆದರು. "ಏನೂ ಹಾಳಾಗಿಲ್ಲ ಕಣೇ, ಬರೀ ಭೌತಿಕ ಬದಲಾವಣೆ. ಎಲ್ಲಾ ಮೊದಲಿನ ಹಾಗೇ ಆಗುತ್ತೆ" ಎಂದು ಕಚ್ಚಿ ತಿಂದರು. ಬಾಗಿಲಲ್ಲಿ ನಿಂತಿದ್ದ ಮಗಳು ಅಪ್ಪನ ಉತ್ತರವನ್ನು ತಿದ್ದಲು ಹೋಗಲಿಲ್ಲ.